ಖಾಲಿ ಗಿರಣಿಯ ಸದ್ದು

ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಯಂಕಮ್ಮ ಮೂರನೆಯ ಸಲ ದಡಕ್ಕನೆ ಎದ್ದು ನಿಂತಾಗ ಕಂಡಕ್ಟರನ ತಾಳ್ಮೆ ಕೆಟ್ಟಿತು.

“ಯವ್ವಾ, ಎಲ್ಲಿ ಇಳೀತಿ ಒಂದು ಊರು ಹೇಳಿಬಿಡು. ಗಳಿಗಿಗೊಮ್ಮೆ ಎದ್ದು ನಿಂತ್ರ ನಾ ಸೀಟಿ ಊದೂದೋ, ಬಿಡೂದೋ?”

“ಸಿಂಧನೂರ ತಮ್ಮಾ. ಸುಮ್ನ ಎದ್ದೆ,” ಎಂದು ಯಂಕಮ್ಮ ಸೆರಗು ಸರಿಮಾಡಿಕೊಂಡು ಕುಳಿತಳು. ಪಕ್ಕದ ಸೀಟಿನ ಹೆಂಗಸು ತನ್ನ ಚೀಲವನ್ನು ಎದೆಗೆ ಅವಚಿಕೊಂಡು ಕಿಟಕಿಯ ಕಡೆ ಸರಿದಳು.

ಸುಮ್ಮನೆ ಯಾರು ಏಳುತ್ತಾರೆ? ಅದೂ ಮೊಣಕಾಲು ಹಿಡಿದುಕೊಂಡ ಐವತ್ಮೂರರ ಹೆಂಗಸು, ಗುದ್ದಾಡಿ ಹಿಡಿದ ಸೀಟು ಬಿಟ್ಟು? ಯಂಕಮ್ಮನ ಎಡಗಿವಿಯಲ್ಲಿ ‘ಚೀಂ’ ಎಂದಿತ್ತು. ಆ ಸದ್ದು ಕೇಳಿದೊಡನೆ ಎದ್ದು ನಿಲ್ಲುವುದು ಅವಳ ಕಾಲಿಗೆ ಹತ್ತೊಂಬತ್ತು ವರ್ಷದ ರೂಢಿ. ಈಗ ಬೇಡ ಎಂದರೂ ಕಾಲು ಕೇಳುತ್ತಿರಲಿಲ್ಲ.

ಮಸ್ಕಿಯ ಹಳೆಯ ಬಜಾರಿನಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಎದುರುಬದುರು ನಿಂತ ಎರಡು ಕಲ್ಲು, ಮೇಲೆ ಕಾಳು ಸುರಿಯುವ ತಗಡಿನ ತೊಟ್ಟಿ, ಕೆಳಗೆ ಹಿಟ್ಟು ಬೀಳುವ ಬಟ್ಟೆಯ ಸೊಂಡಿಲು, ಮೂಲೆಯಲ್ಲಿ ಮೋಟಾರು. ಕಲ್ಲುಗಳ ನಡುವೆ ಕಾಳು ಇರುವ ತನಕ ಗಿರಣಿ ಗುರ್ರೆಂದು ತನ್ನ ಪಾಡಿಗೆ ತಾನು ಅಂದುಕೊಳ್ಳುತ್ತಿರುತ್ತದೆ. ತೊಟ್ಟಿ ಬರಿದಾಗಿ ಕಲ್ಲಿಗೆ ಕಲ್ಲು ತಾಗಿದರೆ ಮಾತ್ರ ಸಣ್ಣಗೆ, ಹಲ್ಲು ಜುಮ್ಮೆನ್ನುವ ಹಾಗೆ ‘ಚೀಂ’ ಎನ್ನುತ್ತದೆ. ಆಗ ಎದ್ದು ಇನ್ನೊಬ್ಬರ ಡಬ್ಬಿ ಸುರಿಯಬೇಕು, ಇಲ್ಲವೇ ಕಲ್ಲು ಸಡಿಲಿಸಿ ಮೋಟಾರು ಆರಿಸಬೇಕು. ಒಂದು ನಿಮಿಷ ತಡವಾದರೆ ಸುಟ್ಟ ವಾಸನೆ. ಎರಡು ನಿಮಿಷ ತಡವಾದರೆ ಕಲ್ಲಿನ ಪುಡಿ ಉದುರಿ ಹಿಟ್ಟಿಗೆ ಸೇರುತ್ತದೆ. ಕಲ್ಲು ಬಿದ್ದ ಹಿಟ್ಟಿನ ಗಿರಣಿಗೆ ಮಸ್ಕಿಯಲ್ಲಿ ಯಾವ ಹೆಂಗಸೂ ಎರಡನೆಯ ಸಲ ಬರುವುದಿಲ್ಲ.

ಗಿರಣಿ ಹಾಕಿದವನು ಗಂಡ ಹನುಮಂತರಾಯ. ಅವನು ತೀರಿಕೊಂಡಾಗ ಮಗ ವೀರೇಶನಿಗೆ ಒಂಬತ್ತು ವರ್ಷ. ದಿನಕರ್ಮಕ್ಕೆ ಬಂದ ಹಿರಿಯರು ಉಂಡು ಕೈ ತೊಳೆದು, “ಆತು, ಇನ್ನ ಮನ್ಯಾಗ ಕುಂದ್ರವ್ವಾ, ಗಿರಣಿ ಯಾರಿಗಾರ ಕೊಟ್ಟುಬಿಡೂಣು,” ಅಂದರು. ‘ಕುಂದ್ರು’ ಅನ್ನುವ ಮಾತು ಅವತ್ತು ಅವಳ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಇಳಿಯಿತು. ಒಮ್ಮೆ ಮೂಲೆಯಲ್ಲಿ ಕುಳಿತರೆ ಮತ್ತೆ ಯಾರೂ ಏಳು ಅನ್ನುವುದಿಲ್ಲ ಎಂಬುದು ಅವಳಿಗೆ ತುರ್ವಿಹಾಳದ ತವರಿನಲ್ಲಿ ಗಂಡ ಸತ್ತ ಸೋದರತ್ತೆಯನ್ನು ನೋಡಿ ಗೊತ್ತಿತ್ತು. ಮರುದಿನ ಬೆಳಗ್ಗೆ ಹೋಗಿ ಮೋಟಾರು ಹಾಕಿದಳು. ಬೈದವರು ಬೈದರು, ಅವರ ಮನೆಯ ಜೋಳವೂ ನಾಲ್ಕು ದಿನ ಬಿಟ್ಟು ಅಲ್ಲಿಗೇ ಬಂತು.

ಈ ಎರಡು ವರ್ಷದಿಂದ ಮಾತ್ರ ಗಿರಣಿ ಅವಳ ಬೆನ್ನು ಹತ್ತಿ ಮನೆಗೂ ಬರತೊಡಗಿತ್ತು. ಮೊದಲ ದಿನ ಶಟರು ಎಳೆದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ‘ಚೀಂ’ ಎಂದಿತು. ಮೋಟಾರು ಆರಿಸಿಲ್ಲವೆಂದು ತಿರುಗಿ ಬಂದು ಶಟರು ಎತ್ತಿ ನೋಡಿದಳು, ಎಲ್ಲ ತಣ್ಣಗಿತ್ತು. ಹೀಗೆ ಮೂರು ಸಲ ಎತ್ತಿ ಇಳಿಸಿದಾಗ ಎದುರಿನ ಚಹಾದವನು ನಕ್ಕ. ಅಂದಿನಿಂದ ಆ ಸದ್ದು ಹೋಗಲೇ ಇಲ್ಲ. ರೊಟ್ಟಿ ಮುರಿದು ಬಾಯಿಗಿಡುವಾಗ ಬರುತ್ತದೆ. ಯಂಕಮ್ಮ ಎದ್ದು ನಿಲ್ಲುತ್ತಾಳೆ. ಒಮ್ಮೆ ಸಂಬಂಧಿಕರ ನಿಶ್ಚಯ ಕಾರ್ಯದಲ್ಲಿ ಹಾಗೆ ಎದ್ದಳು. ಏನೋ ಶಾಸ್ತ್ರ ಶುರುವಾಯಿತೆಂದು ಹೆಣ್ಣಿನ ಕಡೆಯವರೆಲ್ಲ ಎದ್ದು ನಿಂತರು, ಅವರನ್ನು ನೋಡಿ ಗಂಡಿನ ಕಡೆಯವರೂ ಎದ್ದರು.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಳು. ಉಳ್ಳಾಗಡ್ಡಿ ರಸ ಹಿಂಡಿಕೊಂಡಳು. ಗಿರಣಿಯ ಕಲ್ಲಿಗೆ ಉಳಿಯಿಂದ ಹಲ್ಲು ಕುಟ್ಟಿಕೊಡಲು ಬರುವ ದಾದೇಸಾಬನ ಮುಂದೆ ಮಾತ್ರ ಬಾಯಿ ಬಿಟ್ಟಿದ್ದಳು. ಅವನು ಗಂಭೀರವಾಗಿ, “ಬೇರಿಂಗ್ ಒಣಗ್ಯಾದಕ್ಕಾ. ಗ್ರೀಸ್ ಬೇಕು,” ಎಂದಿದ್ದ. ಅವನು ಚೇಷ್ಟೆ ಮಾಡಿದ್ದು. ಅವಳು ಎರಡು ದಿನ ಅದನ್ನೇ ಯೋಚಿಸಿದ್ದಳು. ಸದ್ದು ಬಂತೆಂದರೆ ಯಾವುದೋ ಭಾಗ ಕೆಟ್ಟಿದೆ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡಬೇಕು ಎನ್ನುವುದನ್ನು ಬಿಟ್ಟು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮಗನಿಗೆ ಹೇಳಲಿಲ್ಲ. ಹೇಳುವ ಹಾಗೆಯೂ ಇರಲಿಲ್ಲ. ವೀರೇಶ ಸಿಂಧನೂರಿನ ಒಂದು ಬೀಜದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಕೆಟ್ಟವನಲ್ಲ. ಅವ್ವ ದಣಿದಿದ್ದಾಳೆ ಅನ್ನುವುದು ಅವನ ಕಣ್ಣಿಗೆ ಬಿದ್ದಿತ್ತು, ಅದೇ ತೊಂದರೆ. ಮೊಬೈಲ್ ರಿಪೇರಿಯ ಹುಡುಗನೊಬ್ಬ ಗಿರಣಿಯ ಜಾಗ ಬಾಡಿಗೆಗೆ ಕೇಳಿದ್ದ. “ಅವ್ವಾ, ಸಾಕು ಮಾಡು. ಇಡೀ ಜಲ್ಮ ನಿಂತೀ, ಇನ್ನ ಮನ್ಯಾಗ ಆರಾಮ ಕುಂದ್ರು,” ಅನ್ನುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದಿನ ಆ ಮುಳ್ಳು, ಈಗ ಪ್ರೀತಿಯ ಬಾಯಿಂದ. ಕಿವಿಯ ಸುದ್ದಿ ತಿಳಿದರೆ ಮಾರನೆಯ ದಿನವೇ ಮೋಟಾರು ಬಿಚ್ಚಿಸುತ್ತಾನೆಂದು ಅವಳಿಗೆ ಅಂಜಿಕೆ. ಅದಕ್ಕೇ ಮೊಣಕಾಲು ತೋರಿಸುವ ನೆಪ ಹೇಳಿ ಸಿಂಧನೂರಿನ ಕಿವಿ ಡಾಕ್ಟರ ಹತ್ತಿರ ಹೊರಟಿದ್ದಳು.

ಅಲ್ಲಿ ಅವಳ ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ಯಂಕಮ್ಮ ಒತ್ತಿದ ಬೆರಳು ತೆಗೆಯಲೇ ಇಲ್ಲ.

“ಅಮ್ಮಾ, ನಾ ಇನ್ನೂ ಮಷಿನ್ ಹಚ್ಚೇ ಇಲ್ಲ,” ಅಂದಳು ಪರೀಕ್ಷೆ ಮಾಡುವ ಹುಡುಗಿ.

“ನೀ ಹಚ್ಚಿಲ್ಲವ್ವಾ. ನನ್ನದು ಚಾಲೂ ಐತಿ.”

ಡಾಕ್ಟರು ಕಾಗದ ತಿರುವಿ ನೋಡಿ, ಒಳಗಿನ ನರ ಸವೆದಿದೆ, ಗಿರಣಿಯ ಗದ್ದಲದಿಂದಲೇ ಹೀಗಾಗಿರಬೇಕು ಎಂದರು. “ಎಣ್ಣಿ, ರಸ ಏನೂ ಹಾಕಬ್ಯಾಡ್ರಿ. ಇದಕ್ಕ ಗುಳಿಗಿ ಇಲ್ಲ. ಗಿರಣ್ಯಾಗ ಕಿವಿಗೆ ಮುಚ್ಚಳ ಹಾಕ್ಕೊಂಡು ಕೆಲಸ ಮಾಡ್ರಿ, ಇದ್ದದ್ದಾರ ಉಳೀತೈತಿ. ಸದ್ದು ಹೋಗೂದು ಗ್ಯಾರಂಟಿ ಇಲ್ಲ. ಸದ್ದಿನ ಕಾಟ ಕಡಿಮಿ ಮಾಡ್ಕೋಬಹುದು,” ಎಂದು ಲಿಂಗಸುಗೂರಿನ ಒಂದು ವಿಳಾಸ ಬರೆದುಕೊಟ್ಟರು. ಹೆಡ್‌ಫೋನಿನಂಥ ಎರಡು ದಪ್ಪ ಮುಚ್ಚಳವನ್ನೂ ಅಲ್ಲೇ ಕೊಡಿಸಿದರು. ಯಂಕಮ್ಮ ಅದನ್ನು ಮನೆಗೆ ತಂದು ಟ್ರಂಕಿನ ತಳಕ್ಕೆ ಹಾಕಿದಳು. ಕಿವಿ ಮುಚ್ಚಿಕೊಂಡರೆ ಗಿರಣಿ ಕೇಳುವುದು ಹೇಗೆ? ಕಣ್ಣು ಕಟ್ಟಿಕೊಂಡು ಬಸ್ಸು ಓಡಿಸು ಅಂದ ಹಾಗಾಯಿತು.

ಲಿಂಗಸುಗೂರಿಗೂ ಮನೆಯಲ್ಲಿ ಅದೇ ಮೊಣಕಾಲಿನ ನೆಪ ಹೇಳಿದಳು. ವಿಳಾಸ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಸಂಸ್ಥೆಯ ಕೋಣೆ. ಗೋಡೆಯ ಮೇಲೆ ‘ಸಾವಧಾನ ತರಬೇತಿ, ಪ್ರತಿ ಗುರುವಾರ’ ಎಂದು ಬರೆದಿತ್ತು. ಸಾವಧಾನ ಎಂಬ ಮಾತನ್ನು ಯಂಕಮ್ಮ ಕೇಳಿದ್ದು ಮದುವೆಗಳಲ್ಲಿ, ಅಕ್ಷತೆ ಹಾಕುವ ಮುಂಚೆ ಕೂಗುವಾಗ ಮಾತ್ರ. ಇಲ್ಲಿ ಯಾರ ಮದುವೆ ನಡೆಯುತ್ತದೋ ಎಂದುಕೊಂಡೇ ಒಳಗೆ ಕಾಲಿಟ್ಟಳು.

ಹೇಳಿಕೊಡುವವಳು ನಂದಿನಿ ಎಂಬ ಸಣ್ಣ ಪ್ರಾಯದ ಹುಡುಗಿ, ಮುದಗಲ್ಲಿನವಳು. ಬೌದ್ಧರ ಮನೆ, ಅಪ್ಪ ಶಾಲೆಯ ಮಾಸ್ತರ. ಭಾನುವಾರ ಮನೆಮಂದಿಯೆಲ್ಲ ಕಣ್ಣು ಮುಚ್ಚಿ ಉಸಿರು ನೋಡುತ್ತ ಕೂರುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದನ್ನೇ ಕಾಲೇಜಿನಲ್ಲಿ ಇನ್ನೊಂದು ಹೆಸರಿನಲ್ಲಿ ಕಲಿತು ನೌಕರಿ ಹಿಡಿದಿದ್ದಳು. ಕಲಿಯಲು ಬಂದವರು ಐದು ಮಂದಿ. ಯಂಕಮ್ಮನ ಪಕ್ಕದ ಚಾಪೆಯ ಬಸ್ಸಪ್ಪ ಬೋರ್‌ವೆಲ್ ಲಾರಿಯ ಮೇಲೆ ಇಪ್ಪತ್ತು ವರ್ಷ ದುಡಿದವನು. “ನನ್ನ ಕಿವ್ಯಾಗ ಇನ್ನೂ ಬೋರ್ ಕೊರ್ಯಾಕತ್ಯಾರ ನೋಡಕ್ಕ. ನೀರಂತೂ ಬಿದ್ದಿಲ್ಲ,” ಎಂದು ತನ್ನ ಪರಿಚಯ ತಾನೇ ಮಾಡಿಕೊಂಡ.

“ಈಗ ಎಲ್ಲಾರೂ ಸುಮ್ನ ಕುಂದರ್ರಿ,” ಎಂದಳು ನಂದಿನಿ.

ಯಂಕಮ್ಮನಿಗೆ ಮೈಯೆಲ್ಲ ಉರಿಯಿತು. ಬಸ್ ಹತ್ತಿ ಇಷ್ಟು ದೂರ ಬಂದದ್ದು ಇಲ್ಲಿಯೂ ಇದೇ ಮಾತು ಕೇಳಲಿಕ್ಕೇನು? “ಕುಂದರಾಕ ನಮ್ಮನ್ಯಾಗ ಜಾಗ ಇಲ್ಲೇನವ್ವಾ?” ಎಂದು ಕೇಳಿಯೇ ಬಿಟ್ಟಳು.

ನಂದಿನಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಕೆಲಸ ಇಲ್ದ ಕುಂದರೂದಲ್ಲ ಅಮ್ಮಾರ. ಕುಂತು ನೋಡೂದು. ಉಸಿರು ಬರ್ತೈತಿ, ಹೋಗ್ತೈತಿ, ನೋಡ್ರಿ. ಸದ್ದು ಬಂತು, ‘ಬಂತು’ ಅನ್ರಿ. ಓಡಸಾಕ ಹೋಗಬ್ಯಾಡ್ರಿ, ಬೈಬ್ಯಾಡ್ರಿ. ‘ಇರಲಿ’ ಅನ್ರಿ. ಎದ್ದು ಹೋಗಬೇಕು ಅನಸಾಕತ್ರ, ಅನಸಾಕತ್ತೈತಿ ಅಂತ ನೋಡ್ರಿ. ಏಳಬ್ಯಾಡ್ರಿ.”

ಮೊದಲ ಗುರುವಾರ ಯಂಕಮ್ಮ ಹತ್ತು ನಿಮಿಷದಲ್ಲಿ ಏಳು ಸಲ ಎದ್ದಳು. ಎರಡನೆಯ ಗುರುವಾರ ಸೆರಗಿನ ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತಳು, ಆದರೂ ಎದ್ದಳು, ಸೀರೆ ಎಳೆದು ಮುಗ್ಗರಿಸಿದಳು. ಬಸ್ಸಪ್ಪ ಗೊರಕೆ ಹೊಡೆಯುತ್ತಿದ್ದ. ನಂದಿನಿ ಅವನ ಗೊರಕೆಯನ್ನೂ ‘ಬಂತು, ಇರಲಿ’ ಅನ್ನಲು ಹೇಳಿದಳು. ಮನೆಯಲ್ಲಿ ಸೊಸೆ ಮಹೇಶ್ವರಿ ನೀರಿಗೆ ಹೋದಾಗ ಅಡುಗೆಮನೆಯಲ್ಲಿ ಕುಳಿತು ನೋಡುವುದು, ಗಿರಣಿಯಲ್ಲಿ ಪಾಳಿ ಇಲ್ಲದಾಗ ಸ್ಟೂಲಿನ ಮೇಲೆ ಕುಳಿತು ನೋಡುವುದು. ಸಾಕಾಗಿ ಹೋಗುತ್ತಿತ್ತು. ಮೂಟೆ ಹೊರುವುದಕ್ಕಿಂತ ಹೆಚ್ಚಿನ ದಣಿವು ಅದು. ಮೂಟೆಯನ್ನು ಒಂದು ಕಡೆ ಇಳಿಸಬಹುದು.

ಐದನೆಯ ವಾರದ ಒಂದು ಮಧ್ಯಾಹ್ನ ಅವಳು ಎರಡು ರೊಟ್ಟಿ ಪೂರ್ತಿ ಉಂಡಳು. ಮೊದಲ ರೊಟ್ಟಿಗೇ ‘ಚೀಂ’ ಎಂದಿತು. ‘ಬಂತು,’ ಅಂದುಕೊಂಡಳು. ತೊಡೆ ಬಿಗಿಯಿತು, ಹಿಮ್ಮಡಿ ನೆಲ ಒತ್ತಿತು. ‘ಏಳಬೇಕು ಅನಸಾಕತ್ತೈತಿ. ಇರಲಿ.’ ಏಳಲಿಲ್ಲ. ಪುಂಡಿಪಲ್ಲೆಯ ಹುಳಿ ನಾಲಿಗೆಗೆ ತಾಗಿತು. ಎರಡು ವರ್ಷದಿಂದ ತಾನು ಏನು ಉಣ್ಣುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಸದ್ದು ಇತ್ತು, ಊಟವೂ ಇತ್ತು. ತಟ್ಟೆ ಎತ್ತಲು ಬಂದ ಮಹೇಶ್ವರಿ, “ಯಾಕ್ರಿ ಅತ್ತಿ, ಕಣ್ಣಾಗ ನೀರು? ಖಾರ ಆಗೈತೇನು?” ಎಂದು ಕೇಳಿದಳು. ಹೌದು, ಖಾರ, ಎಂದಳು ಯಂಕಮ್ಮ.

ಅದಾದ ಮೂರನೆಯ ದಿನ ಗುಲ್ಷನ್‌ಬೀ ಗೋಧಿಯ ಡಬ್ಬಿ ತಂದಳು. ಹಿಂದಿನ ಓಣಿಯವಳು, ಹನುಮಂತರಾಯ ಇದ್ದಾಗಿನಿಂದ ಬೇರೆ ಗಿರಣಿಯ ಮುಖ ನೋಡದವಳು. “ಯಂಕಮ್ಮಕ್ಕಾ, ನಾಳೆ ಮಗಳನ್ನ ನೋಡಾಕ ಬರ್ತಾರ. ಪರೋಟಾಕ್ಕ ಸಣ್ಣಗ ಬೀಸು. ನಾ ಕಾಯಿಪಲ್ಲೆ ತಗೊಂಡು ಬರ್ತೀನಿ,” ಎಂದು ಡಬ್ಬಿ ಇಟ್ಟು ಹೋದಳು.

ಸಣ್ಣ ಹಿಟ್ಟಿಗೆ ಕಲ್ಲು ಬಿಗಿ ಮಾಡಬೇಕು. ಯಂಕಮ್ಮ ಚಕ್ರ ತಿರುವಿ ಬಿಗಿ ಮಾಡಿ, ಗೋಧಿ ಸುರಿದು, ಸ್ಟೂಲಿನ ಮೇಲೆ ಕುಳಿತಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಉಸಿರು ನೋಡಿದಳು. ಸ್ವಲ್ಪ ಹೊತ್ತಿಗೆ ‘ಚೀಂ’ ಎಂದಿತು. ‘ಬಂತು.’ ತೊಡೆ ಬಿಗಿಯಿತು. ‘ಇರಲಿ.’ ಸದ್ದು ದೊಡ್ಡದಾಯಿತು. ‘ಇರಲಿ.’ ಎಂದೂ ಇಲ್ಲದಷ್ಟು ಜೋರಾಯಿತು, ಏಳಲಿಲ್ಲ. ಏಳಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ, ಈ ಗುರುವಾರ ನಂದಿನಿಗೆ ಹೇಳಬೇಕು ಎಂದುಕೊಂಡಳು. ಮೂಗಿಗೆ ಸುಟ್ಟ ವಾಸನೆ ಹೊಡೆದಾಗ ಕಣ್ಣು ತೆರೆದಳು. ತೊಟ್ಟಿ ಬರಿದಾಗಿತ್ತು. ಕಲ್ಲಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಕಿರುಚುತ್ತಿದ್ದದ್ದು ಕಿವಿಯಲ್ಲ, ಗಿರಣಿ.

ಮೋಟಾರು ಆರಿಸಿದಳು. ಪ್ರತಿ ಡಬ್ಬಿಯ ಹಿಟ್ಟನ್ನೂ ಒಂದು ಚಿಟಿಕೆ ಮುಂದಿನ ಹಲ್ಲಿಗಿಟ್ಟು ಕಡಿದು ನೋಡಿಯೇ ಕೊಡುವುದು ಗಿರಣಿಯ ಪದ್ಧತಿ, ಗಂಡ ಕಲಿಸಿದ್ದು. ಕಣ್ಣಿಗೆ ಕಾಣದ ಕಲ್ಲು ಹಲ್ಲಿಗೆ ಸಿಗುತ್ತದೆ. ಆ ದಿನ ಯಂಕಮ್ಮ ಹಲ್ಲಿಗೆ ಇಡಲಿಲ್ಲ. ಇಡಲಿಲ್ಲ ಎಂದರೆ ಅವಳಿಗೆ ಗೊತ್ತಿತ್ತು ಎಂದೇ ಅರ್ಥ. ಗುಲ್ಷನ್‌ಬೀ ಕೊತ್ತಂಬರಿ ಹಿಡಿದು ಬಂದಳು, ಅವಸರದಲ್ಲಿದ್ದಳು, ಡಬ್ಬಿ ತೆಗೆದುಕೊಂಡು ಹೋದಳು. ಕರೆಯಬೇಕೆಂದು ಯಂಕಮ್ಮ ಬಾಯಿ ತೆರೆದಳು. ಕರೆಯಲಿಲ್ಲ.

ಮರುದಿನ ಭಾನುವಾರ. ಸಂಜೆಯ ಬಿಸಿಲಲ್ಲಿ ಗುಲ್ಷನ್‌ಬೀ ಯಂಕಮ್ಮನ ಮನೆ ಬಾಗಿಲಿಗೇ ಬಂದಳು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪರೋಟ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

“ಗಂಡಿನ ತಾಯಿ ಮೊದಲನೇ ತುತ್ತಿಗೇ ಉಗುಳಿದಳಕ್ಕಾ. ಬಜಾರಿನಿಂದ ಬ್ರೆಡ್ ತರಿಸಿ ಕೊಟ್ಟಿವಿ. ನಿನ್ನ ಗಿರಣ್ಯಾಗ ಇದು ಆಗಬಾರದಿತ್ತು,” ಎಂದಳು. ಪರೋಟವನ್ನು ಕಟ್ಟೆಯ ಮೇಲಿಟ್ಟು ಹೋದಳು.

ವೀರೇಶ ಮನೆಯಲ್ಲೇ ಇದ್ದ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕರಕ್ ಎಂದ ಸದ್ದು ಯಂಕಮ್ಮನಿಗೆ ಚೆನ್ನಾಗಿಯೇ ಕೇಳಿಸಿತು.

“ಗಿರಣಿ ಖಾಲಿ ತಿರಗಿದ್ದು ಕೇಳಲಿಲ್ಲೇನವ್ವಾ?”

“ಕೇಳಿತ್ತಪ್ಪಾ.”

“ಕೇಳಿದ್ರ ಯಾಕ ಎದ್ದಿಲ್ಲ?”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕಿವಿ, ಸಿಂಧನೂರು, ಲಿಂಗಸುಗೂರು, ಎಲ್ಲ ಹೇಳಿದಳು. ವೀರೇಶ ಪರೋಟವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ, “ಎರಡು ವರ್ಷ ನನಗೂ ಹೇಳಿಲ್ಲ,” ಅಂದ. ಅದು ಅವನಿಗೆ ಗಿರಣಿಯ ಕಲ್ಲಿಗಿಂತ ಹೆಚ್ಚು ತಾಗಿತ್ತು. “ಆತು. ತಿಂಗಳ ಕೊನಿಗೆ ಮೊಬೈಲ್ ಹುಡುಗನ್ನ ಕರ್ಕೊಂಡು ಬರ್ತೀನಿ. ಇನ್ನ ನೀ ಕುಂದ್ರು.”

ಗುರುವಾರ ಯಂಕಮ್ಮ ಲಿಂಗಸುಗೂರಿಗೆ ಹೋದದ್ದು ಕಲಿಯಲಿಕ್ಕಲ್ಲ, ಜಗಳಕ್ಕೆ. ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದಳು.

“ಏಳಬ್ಯಾಡ ಅಂದೀ. ಏಳಲಿಲ್ಲ. ಒಬ್ಬಾಕಿ ಮನಿ ಮರ್ಯಾದಿ ಹೋತು, ನನ್ನ ಗಿರಣಿ ಹೋತು. ನಿನ್ನ ‘ಇರಲಿ’ ನೀನ ಇಟ್ಕೋ!”

ಬಸ್ಸಪ್ಪನ ಗೊರಕೆ ನಿಂತಿತು. ನಂದಿನಿಯ ಮುಖ ಸಣ್ಣದಾಯಿತು. “ತಪ್ಪು ನಂದು ಅಮ್ಮಾರ,” ಅಂದಳು. “ಮಷಿನ್ ಮುಂದ ಕುಂತು ಮಾಡಬ್ಯಾಡ್ರಿ ಅಂತ ಹೇಳಬೇಕಿತ್ತು. ಗಿರಣಿ ಕೆಲಸ ನನಗ ಗೊತ್ತಿಲ್ಲ, ಕೇಳಲೂ ಇಲ್ಲ.” ಹತ್ತಿರ ಬಂದು, “ಇರಲಿ ಅಂದ್ರ ಕಿವಿ ಮುಚ್ಚೂದು ಅಂತ ನಾ ಅಂದಿಲ್ಲ. ಏನು ಬಂದೈತಿ ಅಂತ ಪೂರಾ ನೋಡೂದು. ಅವತ್ತು ಸದ್ದು ಬಂದಾಗ ಕಿವಿ ಬಿಟ್ಟು ಮೈಯಾಗ ಇನ್ನೆಲ್ಲಿ ಗೊತ್ತಾತು? ಕಾಲಾಗ? ಕೈಯಾಗ?”

“ಕೈ ಮಡಿಲಾಗ ಇಟ್ಕೊಂಡಿದ್ದೆ. ನೀನ ಹೇಳಿಕೊಟ್ಟೀಯಲ್ಲ,” ಎಂದು ಯಂಕಮ್ಮ ಹೊರಗೆ ಬಂದಳು. ಹುಡುಗಿ ತಪ್ಪು ಒಪ್ಪಿಕೊಂಡುಬಿಟ್ಟಿದ್ದಳು, ಜಗಳವೂ ದಕ್ಕಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದು ನಿಂತಳು. ಅಷ್ಟು ದಣಿವು ಅವಳಿಗೆ ಗಂಡ ಸತ್ತಾಗಲೂ ಆಗಿರಲಿಲ್ಲ. ಇನ್ನು ಕುಳಿತುಬಿಡುವುದೇ ಸರಿ ಎನ್ನಿಸಿತು. ಎಷ್ಟಂತ ನಿಲ್ಲುವುದು? ದಾರಿಯುದ್ದಕ್ಕೂ ಸರಳು ಅಂಗೈಯಲ್ಲಿ ಝುಮುಝುಮು ಎನ್ನುತ್ತಿತ್ತು, ಕಿವಿ ಚೀಂ ಎನ್ನುತ್ತಿತ್ತು. ಎರಡೂ ಸೇರಿ ಒಂದೇ ಎನ್ನುವ ಹಾಗಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಿತು. ಡ್ರೈವರ್ ಇಂಜಿನ್ ಆರಿಸಿ ಚಹಾಕ್ಕೆ ಇಳಿದ.

ಅಂಗೈ ಸುಮ್ಮನಾಯಿತು. ಕಿವಿ ಸುಮ್ಮನಾಗಲಿಲ್ಲ.

ಯಂಕಮ್ಮ ಸರಳು ಬಿಡದೆ ನಿಂತೇ ಇದ್ದಳು. ಕಿವಿ ಇನ್ನೂ ಕಿರುಚುತ್ತಿದೆ, ಸರಳು ತಣ್ಣಗಿದೆ. ಕಿವಿಯ ಗಿರಣಿಗೆ ಮೋಟಾರು ಇಲ್ಲ, ಅದರ ನಡುಕ ಕೈಗೆ ಬರುವುದಿಲ್ಲ. ಕೈಗೆ ಬರುವುದು ನಿಜವಾದದ್ದು ಮಾತ್ರ.

“ಈಗಾರ ಇಳೀತಿ ಏನವ್ವಾ?” ಎಂದ ಕಂಡಕ್ಟರ್. ಅವನೇ, ಅಂದು ಸಿಂಧನೂರಿನ ಬಸ್ಸಿನಲ್ಲಿದ್ದವನೇ. ಇಳಿಯಬೇಕಾದ ಊರಿನಲ್ಲಿ ಅವಳು ನಿಂತುಬಿಟ್ಟಿದ್ದಳು.

ಮರುದಿನ ದಾದೇಸಾಬನನ್ನು ಕರೆಸಿ ಸುಟ್ಟ ಕಲ್ಲಿಗೆ ಹೊಸದಾಗಿ ಹಲ್ಲು ಕುಟ್ಟಿಸಿದಳು. ಉಳಿದ ಕಲ್ಲಿನ ಪುಡಿ ಹೋಗಲೆಂದು ಎರಡು ಸೇರು ನುಚ್ಚು ಬೀಸಿ ಚೆಲ್ಲಿದಳು. ತನ್ನ ಮನೆಯ ಗೋಧಿ ಹಾಕಿ, ಅಂಗೈಯನ್ನು ತೊಟ್ಟಿಯ ತಗಡಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ತುಂಬಿದ ತೊಟ್ಟಿ ಕೈಯಲ್ಲಿ ಮಂದವಾಗಿ ಗುದ್ದುತ್ತದೆ. ಅರ್ಧಕ್ಕೆ ಇಳಿದಾಗ ನಡುಕ ತೆಳ್ಳಗಾಗುತ್ತದೆ. ಬರಿದಾಗುವ ಮುಂಚೆ, ಕಲ್ಲು ತಾಗುವುದಕ್ಕಿಂತ ಹತ್ತು ಎಣಿಸುವಷ್ಟು ಮೊದಲೇ, ತಗಡು ಗಲಗಲ ಅಲುಗುತ್ತದೆ. ಹತ್ತೊಂಬತ್ತು ವರ್ಷ ದಿನಾ ಮುಟ್ಟಿದ ತೊಟ್ಟಿ. ಇಷ್ಟೆಲ್ಲ ಹೇಳುತ್ತಿತ್ತು, ಅವಳು ಕೇಳಿರಲಿಲ್ಲ. ಟ್ರಂಕಿನ ತಳದಿಂದ ಕಿವಿಮುಚ್ಚಳ ತೆಗೆದು ತಂದು ಹಾಕಿಕೊಂಡಳು. ಹೊರಗಿನ ಗದ್ದಲ ದೂರ ಸರಿಯಿತು. ಒಳಗಿನದು ಇನ್ನಷ್ಟು ಹತ್ತಿರ ಬಂತು. ಬರಲಿ. ಕೈ ಹೇಳಿದಾಗ ಮಾತ್ರ ಏಳುವುದು ಎಂದು ಗಟ್ಟಿ ಮಾಡಿಕೊಂಡಳು.

ಆ ಗೋಧಿಹಿಟ್ಟನ್ನು ಹಲ್ಲಿಗಿಟ್ಟು ಕಡಿದು ನೋಡಿ, ಡಬ್ಬಿ ಹೊತ್ತುಕೊಂಡು ಗುಲ್ಷನ್‌ಬೀಯ ಮನೆಗೆ ಹೋದಳು. ಹೊಸ್ತಿಲಲ್ಲಿ ನಿಂತೇ ಎಲ್ಲ ಹೇಳಿದಳು. ಕಿವಿಯ ಕಥೆ ಹೇಳುವುದು ಸುಲಭವಿತ್ತು. “ಅವತ್ತು ಹಿಟ್ಟು ಕೆಟ್ಟಿದ್ದು ನನಗ ಗೊತ್ತಿತ್ತು, ಗುಲ್ಷನ್‌ಬೀ. ಅಂಜಿ ಕೊಟ್ಟೆ,” ಅನ್ನುವುದು ಅಷ್ಟು ಸುಲಭವಿರಲಿಲ್ಲ, ಆದರೂ ಅಂದಳು.

ಗುಲ್ಷನ್‌ಬೀ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಹಿಟ್ಟು ತೆಗೆದುಕೊಂಡು, ಯಂಕಮ್ಮನ ಮುಖ ನೋಡುತ್ತಲೇ ತನ್ನ ಹಲ್ಲಿಗಿಟ್ಟು ಕಡಿದಳು. ಡಬ್ಬಿಯನ್ನು ಒಳಗೆ ಇಟ್ಟುಕೊಂಡಳು. ಗಂಡಿನ ಕಡೆಯವರು ಒಪ್ಪಿದರೋ ಇಲ್ಲವೋ ಎಂದು ಕೇಳುವ ಧೈರ್ಯ ಯಂಕಮ್ಮನಿಗೆ ಬರಲಿಲ್ಲ. ಎಂಟು ದಿನ ಬಿಟ್ಟು ಗುಲ್ಷನ್‌ಬೀ ಜೋಳ ತಂದಳು. ಅಂದಿನಿಂದ ಪ್ರತಿ ಸಲವೂ ಎಲ್ಲರ ಎದುರಿಗೇ ಹಿಟ್ಟು ಕಡಿದು ನೋಡಿಯೇ ಒಯ್ಯುತ್ತಾಳೆ. ಯಂಕಮ್ಮ ಪ್ರತಿ ಸಲವೂ ತಲೆ ತಗ್ಗಿಸಿ ನಿಲ್ಲುತ್ತಾಳೆ.

ತಿಂಗಳ ಕೊನೆಗೆ ವೀರೇಶ ಮೊಬೈಲ್ ಹುಡುಗನನ್ನು ಕರೆತಂದ. ಹುಡುಗ ಬರುವಾಗಲೇ ಅಳತೆಯ ಟೇಪು ಹಿಡಿದಿದ್ದ. ಗಿರಣಿ ಓಡುತ್ತಿತ್ತು. ನಾಲ್ಕು ಮಂದಿ ಹೆಂಗಸರು ಡಬ್ಬಿ, ಪುಟ್ಟಿ ಇಟ್ಟುಕೊಂಡು ಪಾಳಿಗೆ ಕುಳಿತಿದ್ದರು, ಮುಂದಿದ್ದವಳು ಯಮನೂರಮ್ಮ. ಯಂಕಮ್ಮ ಕಿವಿಗೆ ಕಪ್ಪು ಮುಚ್ಚಳ ಹಾಕಿ, ಕಣ್ಣು ಮುಚ್ಚಿ, ತೊಟ್ಟಿಗೆ ಒಂದು ಕೈ ಇಟ್ಟು ಗೋಡೆಗೆ ಒರಗಿ ನಿಂತಿದ್ದಳು.

“ಅವ್ವಾ,” ಎಂದ ವೀರೇಶ. ಅವಳಿಗೆ ಕೇಳಲಿಲ್ಲ. “ಅವ್ವಾ!” ಎಂದು ಕೂಗಿದ. ಅವಳು ಕದಲಲಿಲ್ಲ. ನಿಂತಲ್ಲೇ ನಿದ್ದೆ ಹತ್ತಿದೆ ಎಂದುಕೊಂಡ. ತೊಟ್ಟಿಯಲ್ಲಿ ಕಾಳು ತಳ ಕಾಣುತ್ತಿತ್ತು. ಮತ್ತೆ ಕಲ್ಲು ಸುಡುತ್ತದೆಂದು ಮೋಟಾರಿನ ಕಡೆ ಓಡಲು ಹೆಜ್ಜೆ ಎತ್ತಿದ. ಯಮನೂರಮ್ಮ ಅವನ ಅಂಗಿ ಹಿಡಿದು ಎಳೆದಳು. “ಸುಮ್ನ ಕುಂದ್ರಲೇ ವೀರ್ಯಾ. ಆಕಿ ಕೇಳಾಕತ್ಯಾಳ.”

ಯಂಕಮ್ಮ ಕಣ್ಣು ತೆರೆಯಲಿಲ್ಲ. ಇನ್ನೊಂದು ಕೈ ಚಾಚಿ ಪಕ್ಕದಲ್ಲೇ ಇಟ್ಟಿದ್ದ ಯಮನೂರಮ್ಮನ ಡಬ್ಬಿ ಎತ್ತಿ, ಕೊನೆಯ ಕಾಳು ಇಳಿಯುವುದಕ್ಕೆ ಸರಿಯಾಗಿ ತೊಟ್ಟಿಗೆ ಸುರಿದಳು. ಗಿರಣಿಯ ಗುರ್ರ್ ಒಂದಿಷ್ಟೂ ಬದಲಾಗಲಿಲ್ಲ.

ಸುರಿದು ತಿರುಗಿದಾಗ ಮಗ ಕಂಡ. ಟೇಪು ಹಿಡಿದ ಹುಡುಗನೂ ಕಂಡ. ಮುಚ್ಚಳವನ್ನು ಕುತ್ತಿಗೆಗೆ ಇಳಿಸಿಕೊಂಡಳು. ಮುಖದ ತುಂಬ ಹಿಟ್ಟು, ಕಣ್ಣ ಕೆಳಗೆ ಕಪ್ಪು. ಆ ದಣಿವು ಎಲ್ಲಿಗೂ ಹೋಗಿರಲಿಲ್ಲ. ವೀರೇಶ ಹತ್ತಿರ ಬಂದ.

“ಸದ್ದು ಹೋತೇನವ್ವಾ?”

“ಇಲ್ಲಪ್ಪಾ. ಅದು ಹೋಗಂಗಿಲ್ಲ,” ಎಂದು ಯಂಕಮ್ಮ ಸ್ಟೂಲು ಎಳೆದು, ಅಂಗೈಯನ್ನು ಮತ್ತೆ ತೊಟ್ಟಿಗೆ ಇಟ್ಟು, ತಾನಾಗಿಯೇ ಕುಳಿತಳು. “ನಾನೂ ಹೋಗಂಗಿಲ್ಲ.”